ವಾರ್ಸಿನೆಮ್ ಅವರ ಸೊನ್ನೆ

"ಸೊನ್ನೆ! ನೋಡಿ ಸಿಸ್ಟರ್, ಸೊನ್ನೆ!" ಎಂದು ಡಾಕ್ಟರ್ ಪ್ರಾಸೆತ್ಯೊ ಮೇಜು ಕುಟ್ಟಿದರು. ನನಗೆ ಮೈಯೆಲ್ಲ ಉರಿಯಿತು.

ಜಾವಾದ ಗುಡ್ಡದ ಮೇಲಿರುವ ನಮ್ಮ ಆರೋಗ್ಯ ಕೇಂದ್ರಕ್ಕೆ ಮನೋವೈದ್ಯರು ಬರುವುದಿಲ್ಲ. ಅದಕ್ಕೇ ಮೊಬೈಲಿನಲ್ಲಿ ಆಪ್ತಸಲಹೆ ಕೊಟ್ಟರೆ ಗುಣವಾಗುತ್ತದೆಯೇ ಎಂದು ನೋಡುವ ಪ್ರಯೋಗ. ಲಾರಾಸ್ ಎಂಬ ಹುಡುಗಿ ಪಟ್ಟಣದಿಂದ ವಾರಕ್ಕೊಮ್ಮೆ ಪರದೆಯಲ್ಲಿ ಮಾತಾಡುತ್ತಾಳೆ. ಆಮೇಲೆ ರೋಗಿಗಳು ಅವಳೆದುರೇ ಉತ್ತರ ಒತ್ತಬೇಕು. ನಿದ್ದೆ ಕೆಡುತ್ತದೆಯೇ, ಊಟ ಸೇರುವುದಿಲ್ಲವೇ, ಕೊನೆಗೆ, ಸಾಯಬೇಕು ಅನ್ನಿಸುತ್ತದೆಯೇ. ಅಂಕ ಇಳಿದಷ್ಟೂ ರೋಗಿ ಗುಣವಾದ ಲೆಕ್ಕ. ಗಂಡ ಸತ್ತ ಮೇಲೆ ಮಾತೇ ಬಿಟ್ಟಿದ್ದ, ಸೋಯಾ ಕಾಳಿನ ತೆಂಪೆ ಮಾರುವ, ಊರೆಲ್ಲ 'ಬು' ಅಂದರೆ ಅಮ್ಮ ಎಂದು ಕರೆಯುವ ವಾರ್ಸಿನೆಮ್ ಅವರ ಅಂಕ ಎಲ್ಲರಿಗಿಂತ ಬೇಗ ಇಳಿದು ಇವತ್ತು ಸೊನ್ನೆಯಾಗಿತ್ತು.

"ಡಾಕ್ಟ್ರೇ, ನಮ್ಮೂರಲ್ಲಿ ಕಾಲು ಮುರ್ಕೊಂಡು ಬಂದೋರೂ 'ಚೆನ್ನಾಗಿದೀನಿ' ಅಂತಾರೆ. ಇದನ್ನ ನಂಬ್ತೀರಾ?"

"ನಿಮ್ದೊಂದು ರಗಳೆ! ಒಳ್ಳೇದಾದ್ರೂ ಕೊಂಕು ತೆಗೀತೀರಲ್ಲ."

ಹೊರಗೆ ಬಂದರೆ ಬೆಂಚಿನ ಮೇಲೆ ವಾರ್ಸಿನೆಮ್ ಅವರೇ ಕೂತಿದ್ದರು. ತಲೆ ಬಾಚಿ, ಹಬ್ಬದ ಬಟ್ಟೆ ಉಟ್ಟಿದ್ದರು. ತೊಡೆಯ ಮೇಲಿನ ಗಂಟು ಬಿಚ್ಚಿ ಸಂಬಾಲ್ ಚಟ್ನಿ ಅರೆಯುವ ಕಲ್ಲನ್ನು ನನ್ನ ಕೈಗಿಟ್ಟರು. ಅತ್ತೆಯ ಕಾಲದ ಕಲ್ಲು, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ.

"ನೀನೇ ಇಟ್ಕೋ ಮಗಾ. ಕೋಳಿಗಳ್ನ ಪಕ್ಕದ ಮನೆಗೆ ಕೊಟ್ಬಿಟ್ಟೆ."

ನಾನು ಅವರ ಪಕ್ಕದಲ್ಲೇ ಕೂತೆ.

"ಬು, ಆ ಹುಡುಗಿಗೆ ನಿಜ ಹೇಳಿದ್ರಾ?"

"ಪಾಪ ಕಣೇ, ಎಷ್ಟು ಕಷ್ಟಪಟ್ಟು ಹೇಳ್ಕೊಡ್ತಾಳೆ! ಅಂಕ ಇಳಿದ್ರೆ ಅವಳ ಮುಖ ಅರಳತ್ತೆ. ನಾನು ಹೀಗೇ ಇದೀನಿ ಅಂದ್ರೆ ಅವಳಿಗೆ ನೋವಾಗಲ್ವಾ?"

"ಕೊನೇ ಪ್ರಶ್ನೆಗೂ ಹಾಗೇ ಒತ್ತಿದ್ರಾ?"

ಅವರು ನಕ್ಕರು. ನಮ್ಮ ಕಡೆ ಸಾವಿನ ಸುದ್ದಿಯನ್ನೂ ನಗುತ್ತಲೇ ಹೇಳುತ್ತೇವೆ, ಕೇಳುವವರಿಗೆ ಭಾರವಾಗಬಾರದೆಂದು. ಆ ನಗು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. ಕಲ್ಲನ್ನು ಕೆಳಗಿಟ್ಟು ಅವರ ಎರಡೂ ಕೈ ಹಿಡಿದೆ. ತಣ್ಣಗಿದ್ದವು.

"ಸಾಯ್ಬೇಕು ಅನ್ಸತ್ತಾ, ಬು?"

"ಹೇಳಿದ್ರೆ ನಿಂಗೆ ಬೇಜಾರಾಗಲ್ವಾ?"

"ಆಗತ್ತೆ. ಆದ್ರೂ ಹೇಳಿ."

ಅವರ ನಗು ನಿಂತಿತು.

"ಇವತ್ತೇ ಅಂದ್ಕೊಂಡಿದ್ದೆ, ಮಗಾ."

ಒಳಗೆ ಡಾಕ್ಟರು ಯಾರಿಗೋ ಫೋನಿನಲ್ಲಿ ಸೊನ್ನೆಯ ಸುದ್ದಿ ಹೇಳುತ್ತಿದ್ದರು. ನಾನು ಆ ಕೈಗಳನ್ನು ಬಿಡದೆ, ಕೂತಲ್ಲಿಂದಲೇ ಡಾಕ್ಟರನ್ನು ಕೂಗಿದೆ.