ಮೊಳೆತ ಒಂದು ಸಾಲು

ಅನ್ಶಾಳ ಹೆಸರು ನನ್ನ ಬಾಯಿಂದ ಹೊರಬೀಳುವುದಿಲ್ಲ ಎಂದು ಮಾತು ಕೊಟ್ಟಾಗ ನಮಗಿಬ್ಬರಿಗೂ ಹನ್ನೆರಡೋ ಹದಿಮೂರೋ. ಮೈನೆರೆದ ಹುಡುಗಿಯರನ್ನು ಕೂರಿಸುವ ಗುಡಿಸಲಿನಲ್ಲಿ ಮುದುಕಿಯರ ಜೇನಿನ ಗಡಿಗೆಗೆ ಕೈಹಾಕಿದವಳು ನಾನು, ನನ್ನ ಹೆಸರು ಹೇಳದೆ ಬೆತ್ತದ ಏಟು ತಿಂದವಳು ಅವಳು. ಅವಳ ಬೆನ್ನಿಗೆ ಎಣ್ಣೆ ಹಚ್ಚುತ್ತ ನಾನು ಅಳುತ್ತಿದ್ದೆ.

"ಅಳ್ಬೇಡ್ವೇ ಕತ್ತೆ. ಮುಂದಿನ ಸಲ ನಿನ್ನ ಸರದಿ. ನನ್ನ ಹೆಸರು ಹೇಳ್ಬೇಡ, ಅಷ್ಟು ಸಾಕು."

"ಸತ್ರೂ ಹೇಳಲ್ಲ," ಎಂದೆ.

ಅದಾದ ಹನ್ನೆರಡು ವರ್ಷಕ್ಕೆ ಪೋರ್ಚುಗೀಸ್ ಕಂಪನಿಯ ಹತ್ತಿ ನಮ್ಮ ಲೂರಿಯೊ ನದಿಯ ದಂಡೆಗೆ ಬಂತು. ಗಂಡಸರನ್ನು ಪೋರ್ಚುಗೀಸರು ಆಗಲೇ ಹಗ್ಗ ಕಟ್ಟಿ ರಸ್ತೆ ಕೆಲಸಕ್ಕೆ ಒಯ್ದಿದ್ದರು. ಉಳಿದ ಹೆಂಗಸರಿಗೆ ತಲೆಗೊಂದು ಹೊಲ ಅಳೆದು, ಗೂಟ ಹೊಡೆದು, ಬೀಜ ಕೊಟ್ಟರು. ಅದು ಮರಗೆಣಸು, ಜೋಳ ಬೆಳೆಯುತ್ತಿದ್ದ ನೆಲ. ನಾವು ಬಿಡಿಸಿದ ಹತ್ತಿ ಹಡಗು ಏರಿ ಹೋಗಿ, ಬಟ್ಟೆಯಾಗಿ ತಿರುಗಿ ಬಂದು ಅಂಗಡಿಯಲ್ಲಿ ತೂಗುತ್ತಿತ್ತು. ಬಿಡಿಸಿದ ನಾವು ಮರದ ತೊಗಟೆ ಉಟ್ಟುಕೊಂಡು ಅದನ್ನು ನೋಡಿ ಬರುತ್ತಿದ್ದೆವು. ಮೊದಲ ವರ್ಷವೇ ನನ್ನ ಕೈಗೂಸು ಹಸಿವಿಗೆ ಹೋಯಿತು. ಉಳಿದವಳು ಆರು ವರ್ಷದ ಮಗಳು ಝುರಾ.

ಕಂಪನಿಯ ಬಿಳಿ ಮೇಸ್ತ್ರಿಗೆ ನಾವಿಟ್ಟ ಹೆಸರು ಕೆಂಪುಕಿವಿ. ಕೊಡೆಯ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಸೊಂಟ ಬಗ್ಗಿಸಿ ಕಳೆ ಕೀಳುವ ನಮ್ಮನ್ನು ನೋಡುತ್ತ, ಕರಿಯರ ರಕ್ತದಲ್ಲೇ ಸೋಮಾರಿತನ ಇದೆ ಎಂದು ದಿನವಿಡೀ ಹೇಳುತ್ತಿದ್ದ; ಅವನ ಮಾತನ್ನು ಸಿಪಾಯಿಗಳು ನಮ್ಮ ಮಾತಿಗೆ ತಿರುಗಿಸುತ್ತಿದ್ದರು. ಹೊಡೆಯುವ ಕೈಗಳೆಲ್ಲ ನಮ್ಮ ಬಣ್ಣದವು. ಅವನ ಕೈ ಒಂದು ದಿನವೂ ಕೆಂಪಾಗಲಿಲ್ಲ, ಕಿವಿ ಮಾತ್ರ.

ಮರುವರ್ಷ ಬೀಜ ಬೇಯಿಸುವ ಉಪಾಯ ಅನ್ಶಾಳದು. "ಬೆಂದ ಬೀಜ ಮೊಳೆಯೋದುಂಟೇನೇ? ಬಿತ್ತು ಅಂದ್ರೆ ಬಿತ್ತೋಣ, ಅವನ ಕಣ್ಣೆದುರೇ ಬಿತ್ತೋಣ. ಈ ನೆಲ ಕೆಟ್ಟೋಯ್ತು ಅಂದ್ಕೊಂಡು ತೊಲಗ್ಲಿ."

ನಡುಮಧ್ಯಾಹ್ನ, ಎಲ್ಲರ ಒಲೆಯೂ ಹೊಗೆಯಾಡುವ ಹೊತ್ತಿಗೆ, ಗೆಣಸಿನ ಗಡಿಗೆಯಲ್ಲೇ ಬೀಜ ಬೇಯಿಸಿ ಒಣಗಿಸುತ್ತಿದ್ದೆವು. ಮನೆಯಿಂದ ಮನೆಗೆ ಅನ್ಶಾಳೇ ಹೋಗಿ ಕಲಿಸಿದಳು. ಆ ವರ್ಷ ನಮ್ಮ ಹಟ್ಟಿಯಲ್ಲಿ ಒಂದು ಹತ್ತಿ ಗಿಡವೂ ಏಳಲಿಲ್ಲ. ಕೆಂಪುಕಿವಿ ಮಣ್ಣು ಮೂಸಿ ನೋಡಿದ. ಮುಂದಿನ ಮಳೆಗೂ ಹೀಗೇ ಆದರೆ ಗೂಟ ಕಿತ್ತು ಹೋಗುತ್ತೇವೆ ಎಂದ. ಇನ್ನೊಂದೇ ಮಳೆ ದಾಟಿದ್ದರೆ ಹೊಲ ನಮ್ಮದಾಗುತ್ತಿತ್ತು, ಗೆಣಸು ನಮ್ಮದಾಗುತ್ತಿತ್ತು.

ತಪ್ಪು ಮಾಡಿದವಳು ನಾನು. ನನ್ನಲ್ಲಿದ್ದದ್ದು ಒಂದೇ ಗಡಿಗೆ. ಆ ಎರಡನೆಯ ಮಳೆಗೆ, ಕೊನೆಯ ಸಲದ ಬೀಜ ಒಲೆಯ ಮೇಲಿದ್ದಾಗ ಝುರಾ ಬಂದು ಕಾಲಿಗೆ ಜೋತುಬಿದ್ದಳು. "ಅಮ್ಮಾ, ಹಸಿವು." ಅಳಲಿಕ್ಕೂ ತ್ರಾಣವಿರಲಿಲ್ಲ ಅವಳಿಗೆ. ನೀರಿಗೆ ಇನ್ನೂ ಗುಳ್ಳೆ ಬಂದಿರಲಿಲ್ಲ. ಬೀಜ ಹೊರಗೆ ಸುರಿದು ಗೆಣಸು ಇಟ್ಟೆ.

ಬಿತ್ತಿದ ಎಂಟನೆಯ ದಿನ ನನ್ನ ಹೊಲದಲ್ಲಿ, ಹುತ್ತದ ಪಕ್ಕ, ಒಂದೇ ಒಂದು ಸಾಲು ಹಸಿರಾಗಿ ನೆಟ್ಟಗೆ ಎದ್ದಿತು. ನಾನು ಕಿತ್ತುಹಾಕುವ ಮೊದಲೇ ಕೆಂಪುಕಿವಿ ಬಂದ. ಜೊತೆಗೆ ಸಿಪಾಯಿ ಅಮಿಸ್ಸಿ, ನನ್ನ ದೊಡ್ಡಮ್ಮನ ಮಗ. ಅಮಿಸ್ಸಿ ಪಕ್ಕದ ಸಾಲನ್ನು ಕೆದಕಿ ಒಂದು ಬೀಜ ತೆಗೆದ. ಉಗುರಲ್ಲಿ ಒತ್ತಿದರೆ ಬೂದು ಬಣ್ಣದ ಹಿಟ್ಟು.

ಹಟ್ಟಿಯ ಹೆಂಗಸರನ್ನೆಲ್ಲ ನಾಯಕನ ಅಂಗಳಕ್ಕೆ ಅಟ್ಟಿದರು. ನನ್ನನ್ನು ಮರದ ದಿಮ್ಮಿಯ ಮುಂದೆ ಮಂಡಿಯೂರಿಸಿದರು.

"ಹೇಳ್ಕೊಟ್ಟವರು ಯಾರು?" ಅಮಿಸ್ಸಿ ಕೇಳಿದ.

"ಯಾರೂ ಇಲ್ಲ ಅಣ್ಣಾ, ನಾನೇ."

"ಅಣ್ಣ ಗಿಣ್ಣ ಅನ್ಬೇಡ ಇಲ್ಲಿ." ಆಮೇಲೆ ದನಿ ತಗ್ಗಿಸಿ, "ಒಂದು ಹೆಸರು ಹೇಳ್ಬಿಡೇ. ಯಾರದ್ದಾದ್ರೂ ಸರಿ. ಇಲ್ದಿದ್ರೆ ನನ್ನನ್ನೇ ರಸ್ತೆ ಕೆಲಸಕ್ಕೆ ಹಾಕ್ತಾನೆ," ಎಂದ.

ಅವರು ಹೊಡೆಯುವ ಮರದ ಹಲಗೆಗೆ ಐದು ತೂತು. ಅಂಗೈಗೆ ಬಿದ್ದರೆ ಮಾಂಸ ಆ ತೂತುಗಳೊಳಗೆ ಉಬ್ಬಿ, ಹಲಗೆ ಎತ್ತುವಾಗ ಕಿತ್ತುಕೊಂಡು ಬರುತ್ತದೆ. ಇಪ್ಪತ್ತರವರೆಗೆ ಎಣಿಸಿದೆ. ಬೆರಳಿನ ಮೂಳೆ ಮುರಿದ ಸದ್ದು ಕೇಳಿತು, ಬೇರೆ ಯಾರದೋ ಎಂಬಂತೆ. ಹೆಸರು ಹೇಳಲಿಲ್ಲ. ಹೆಂಗಸರ ನಡುವೆ ಅನ್ಶಾ ತುಟಿ ಕಚ್ಚಿ ನಿಂತಿದ್ದಳು, ಬೆನ್ನಿಗೆ ಕೂಸು ಕಟ್ಟಿಕೊಂಡು.

ಕೆಂಪುಕಿವಿ ಕುರ್ಚಿಯಿಂದಲೇ ಬೆರಳು ತೋರಿಸಿದ. ಝುರಾಳ ಕಡೆಗೆ.

ನಮ್ಮಲ್ಲಿ ಮಕ್ಕಳ ಹೊಣೆ ಅಪ್ಪನದಲ್ಲ, ಸೋದರಮಾವನದು. ಆ ಸೋದರಮಾವ ಅಮಿಸ್ಸಿಯೇ ಹೋಗಿ ಅವಳನ್ನು ಎತ್ತಿಕೊಂಡು ಬಂದ. ಝುರಾ ಅವನ ಕುತ್ತಿಗೆ ತಬ್ಬಿದ್ದಳು. "ಮಾವ, ಅಮ್ಮನ ಕೈಗೆ ಏನಾಯ್ತು?" ಅವನು ಅವಳ ಅಂಗೈಯನ್ನು ದಿಮ್ಮಿಯ ಮೇಲೆ ಬಿಡಿಸಿಟ್ಟ. ಬೇವಿನ ಎಲೆಯಷ್ಟು ಬೆರಳುಗಳು. ಹಲಗೆ ಬಿತ್ತು. ಝುರಾಳ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಅವನು ಮತ್ತೆ ಕೈಯೆತ್ತಿದ.

"ಅನ್ಶಾ," ಎಂದೆ. "ಅನ್ಶಾ ಹೇಳ್ಕೊಟ್ಟಳು."

ಅನ್ಶಾ ಬೆನ್ನಿನ ಕೂಸನ್ನು ಬಿಚ್ಚಿ ಪಕ್ಕದವಳ ಕೈಗಿತ್ತು ತಾನಾಗಿ ಮುಂದೆ ಬಂದಳು.

"ಇವಳೂ ನಿನ್ನ ಜೊತೆ ಬೇಯಿಸಿದ್ಳಾ?" ಅಮಿಸ್ಸಿ ನನ್ನನ್ನು ತೋರಿಸಿ ಕೇಳಿದ.

ಅನ್ಶಾ ನಕ್ಕಳು. "ಇವಳಾ? ಗೆಣಸೇ ನೆಟ್ಟಗೆ ಬೇಯಿಸೋಕೆ ಬರಲ್ಲ ಇವಳಿಗೆ. ಇವಳ ಬೀಜ, ಇಡೀ ಹಟ್ಟಿ ಬೀಜ, ಎಲ್ಲಾ ನಾನೇ ಕದ್ದು ಬೇಯಿಸಿಟ್ಟೆ. ಈ ಪೆದ್ದಿಗೇನು ಗೊತ್ತು?" ಆಮೇಲೆ ಕುರ್ಚಿಯ ಕಡೆ ತಿರುಗಿದಳು. "ಸೋಮಾರಿಗಳು ಅಂತೀಯಲ್ಲ ಸಾಹೇಬಾ, ಇಷ್ಟು ಬೀಜ ಬೇಯಿಸೋಕೆ ಎಷ್ಟು ಸೌದೆ ಹೊತ್ತಿದ್ದೀನಿ ಗೊತ್ತಾ?"

ಹೆಂಗಸರಲ್ಲಿ ಯಾರೋ ನಕ್ಕುಬಿಟ್ಟರು. ಕೆಂಪುಕಿವಿಗೆ ನಮ್ಮ ಮಾತು ಬರುತ್ತಿರಲಿಲ್ಲ, ನಗು ಅರ್ಥವಾಯಿತು. ಎದ್ದು ನಿಂತು ಒಂದೇ ಒಂದು ಪದ ಕೂಗಿದ.

ಅಂಗೈಯಿಂದ ಶುರುಮಾಡಿದರು. ಅಂಗೈ ಮುಗಿದ ಮೇಲೆ ಅಂಗಾಲು. ಆಮೇಲೂ ಅವಳು ತಲೆ ಎತ್ತಿ ಕುರ್ಚಿಯತ್ತ ಉಗಿದಾಗ ಅಮಿಸ್ಸಿ ಬಂದೂಕು ತಿರುಗಿಸಿ ಅದರ ಹಿಡಿಯಿಂದ ತಲೆಗೆ ಹೊಡೆದ, ಎರಡು ಸಲ. ಎರಡನೆಯದಕ್ಕೆ ಹಸಿ ಕುಂಬಳಕಾಯಿ ಒಡೆದ ಸದ್ದು. ಬಿಸಿಲು ಇಳಿಯುವವರೆಗೆ ಅವಳನ್ನು ಮುಟ್ಟಲು ಬಿಡಲಿಲ್ಲ. ನೊಣ ಓಡಿಸಲಿಕ್ಕೂ ಬಿಡಲಿಲ್ಲ.

ಮರುದಿನ ಹೊಸ ಬೀಜ ಕೊಟ್ಟರು, ಹಸಿ ಬೀಜ. ಸಿಪಾಯಿಯ ಕಣ್ಣೆದುರೇ ಚೀಲ ಬಿಚ್ಚಿ ಬಿತ್ತಿದೆವು. ನಾನು ಮೊಣಕೈಯಿಂದ ಮಣ್ಣು ಮುಚ್ಚಿದೆ. ಹತ್ತಿ ಎದೆಯೆತ್ತರ ಬೆಳೆಯಿತು. ನೆಲ ಒಳ್ಳೆಯದೇ ಇತ್ತು. ಅನ್ಶಾಳ ಕೂಸನ್ನು ನಾನೇ ಸಾಕಿದೆ. ಝುರಾಳ ಬಲಗೈ ಬೆರಳುಗಳು ಈಗಲೂ ಪೂರ್ತಿ ಮಡಚುವುದಿಲ್ಲ.

ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಹೇಳಿದೆ.