ಮಗನಲ್ಲ ಎಂಬ ಪತ್ರ

ಅರವತ್ತೆರಡು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಹರಿಹರದ ತಾಲ್ಲೂಕು ಕಚೇರಿಯ ಕಂಪ್ಯೂಟರ್ ಕೇಳಿತು: ನಬೀ ಸಾಬ್ ಮರಿಯವ್ವನಿಗೆ ಏನಾಗಬೇಕು?

ಅವರ ಊರು ಸಾರಥಿಯಲ್ಲಿ ಕೇಳಿದ್ದರೆ ಎಳೆಮಕ್ಕಳೂ ಹೇಳುತ್ತಿದ್ದವು. ನಬೀ ಹುಟ್ಟಿದ ಮೂರನೇ ದಿನಕ್ಕೆ ತಾಯಿ ಜೈನಾಬಿ ತೀರಿಕೊಂಡಳು. ಅಪ್ಪ ಮಸ್ತಾನಸಾಬ್ ಊರಿನ ದರ್ಜಿ. ಹೊಲಿಯುವುದು ಬಲ್ಲ, ಹಸುಗೂಸು ಸಾಕುವುದು ಬಲ್ಲನೇ? ಪಕ್ಕದ ಮನೆಯ ಮರಿಯವ್ವ ವಾರದ ಹಿಂದಷ್ಟೇ ಕೆಂಚವೀರಪ್ಪನನ್ನು ಹೆತ್ತಿದ್ದಳು. ಬಾಣಂತಿ ಹೊಸ್ತಿಲು ದಾಟಬಾರದೆಂದು ಅತ್ತೆ ಗದರುತ್ತಿದ್ದರೂ ಗೋಡೆಯಾಚೆಯ ಅಳು ಕೇಳಲಾರದೆ ಎದ್ದು ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಒಂದು ಮಗ್ಗುಲಿಗೆ ಕೆಂಚ, ಇನ್ನೊಂದು ಮಗ್ಗುಲಿಗೆ ನಬೀ.

ಅಂದಿನಿಂದ ಆ ಮನೆಯಲ್ಲಿ ಒಂದು ಪದ್ಧತಿ ನಿಂತಿತು. ಎಮ್ಮೆ ಈದರೆ ಮೊದಲ ಗಿಣ್ಣು ನಬೀಗೆ. ಅವನು ದಾವಣಗೆರೆ ಸೇರಿ, ಕೆ.ಬಿ. ಬಡಾವಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟು, ದೇವರಾಜ ಅರಸು ಬಡಾವಣೆಯಲ್ಲಿ ಮನೆ ಮಾಡಿದ ಮೇಲೂ ಗಿಣ್ಣಿನ ಡಬ್ಬಿ ಬಸ್ಸು ಹತ್ತಿ ಅವನನ್ನು ಹುಡುಕಿಕೊಂಡು ಬರುತ್ತಿತ್ತು. ಮರಿಯವ್ವ ತೊಡುವ ಕುಪ್ಪಸವೆಲ್ಲ ಅವನು ಹೊಲಿದದ್ದೇ. ಅಳತೆ ಎಂದೂ ಕೇಳಿದವನಲ್ಲ. ಕೆಂಚನ ತಂಗಿ ಭುವನೇಶ್ವರಿಯ ಲಗ್ನಪತ್ರಿಕೆಯಲ್ಲೂ ಅಣ್ಣಂದಿರ ಸಾಲಿನಲ್ಲಿ ಅವನ ಹೆಸರಿತ್ತು. ಊರಲ್ಲಿ ಒಬ್ಬರಾದರೂ ಹುಬ್ಬೇರಿಸಿದ್ದರೆ ಕೇಳಿ.

ಹುಬ್ಬೇರಿಸಿದ್ದು ಕಚೇರಿ. ಮರಿಯವ್ವನ ಗಂಡ ತೀರಿದ ಮೇಲೆ ಹೊಲದ ಖಾತೆ ಬದಲಿಸಲು ವಂಶವೃಕ್ಷ ಬೇಕಾಯಿತು. ಮಕ್ಕಳೆಷ್ಟು ಅಂದರೆ ಮುದುಕಿ ಮೂರು ಅಂದಳು. ಕೆಂಚವೀರಪ್ಪ ಮೂರನ್ನೂ ಬರೆದುಕೊಟ್ಟ. ಗುಮಾಸ್ತೆ ಸ್ವಾತಿ ಮೇಡಂ ಕೆಟ್ಟವಳೇನಲ್ಲ, ಪಾಪ. ಸ್ವಂತ ಮಗನಿಗೊಂದು ಕಾಲಂ, ದತ್ತುಮಗನಿಗೊಂದು ಕಾಲಂ ಉಂಟು, ಹಾಲು ಕುಡಿದ ಮಗನಿಗೆ ಕಾಲಂ ಇಲ್ಲವೆಂದು ಮೂರು ಸಲ ಬಿಡಿಸಿ ಹೇಳಿದಳು. ಹಾಲುಣಿಸಿದ್ದಕ್ಕೆ ದಾಖಲೆಯನ್ನೂ ಕೇಳಿದಳು. ಎದೆಹಾಲಿಗೆ ರಸೀದಿ ಹರಿದುಕೊಟ್ಟ ತಾಯಿಯನ್ನು ಈ ಭೂಮಿ ಕಂಡಿದೆಯೇ?

ಹೋಗಲಿ, ಹೆಸರು ತೆಗೆಯಿರಿ ಅಂದರೆ ಅದೂ ಆಗದು. ಒಮ್ಮೆ ಏರಿದ ಹೆಸರು ಇಳಿಯಬೇಕಾದರೆ, 'ನಾನು ಮರಿಯವ್ವನ ಮಗನಲ್ಲ' ಎಂದು ನಬೀ ಸಾಬನೇ ಛಾಪಾಕಾಗದದ ಮೇಲೆ ಬರೆದುಕೊಡಬೇಕು. ಜೊತೆಗೆ ಹೆತ್ತ ತಾಯಿ ಯಾರೆಂಬುದಕ್ಕೆ ಶಾಲೆಯ ದಾಖಲಾತಿ ಪುಸ್ತಕದ ನಕಲು, ಮುಚ್ಚಿದ ಲಕೋಟೆಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಮ್ಮನೆ ಅಲ್ಲ.

ಎಂಟು ತಿಂಗಳು ಅಲೆದು ಕೆಂಚವೀರಪ್ಪನ ಮೆಟ್ಟು ಸವೆದವು. ಬರೆದುಕೊಡು ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ. ಕೇಳದಿದ್ದದ್ದೇ ನಬೀ ಸಾಬನಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲೇ ಕೂತು ಸಹಿ ಹಾಕಿದ. ಎಂಥ ಬಟ್ಟೆಗೂ ಅಳುಕದೆ ಕತ್ತರಿ ಹಾಕಿದ ಕೈ ಆ ಒಂದು ಸಾಲಿಗೆ ಬಂದು ಎರಡು ಸಲ ಪೆನ್ನು ಕೆಳಗಿಟ್ಟಿತು. ಮಗನಲ್ಲದ ಮೇಲೆ ತಾನು ಯಾರು ಎಂದು ಅವನಿಗೇ ತಿಳಿಯಲಿಲ್ಲ.

ಮಾರನೇ ದಿನ ಕಚೇರಿಯ ಬೆಂಚಿನ ಮೇಲೆ ಮರಿಯವ್ವ ಅವನು ಹೊಲಿದ ಹಸಿರು ಕುಪ್ಪಸ ತೊಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ನಬೀ ಸಾಬ್ ಎಲ್ಲ ತಿಳಿಸಿ ಹೇಳಿದ.

"ಇದು ಬರೇ ಕಾಗದ ಅವ್ವಾ."

"ಬರೇ ಕಾಗದ ಆದ್ರೆ ನನ್ನ ಮುಖ ನೋಡಿ ಹೇಳು," ಅಂದಳು ಮುದುಕಿ. "ನಿನ್ನ ಹೆಸರು ತೆಗೆದದ್ದಕ್ಕೆ ನಾ ಹೆಬ್ಬೆಟ್ಟು ಒತ್ತಲ್ಲ."

ಅಷ್ಟರಲ್ಲಿ ಸ್ವಾತಿ ಮೇಡಂ ಶಾಲೆಯಿಂದ ತಂದ ಲಕೋಟೆ ಒಡೆದು ಓದಿದಳು. ಮತ್ತೊಮ್ಮೆ ಓದಿದಳು. ಅವಳ ಮುಖ ಕೆಂಪಾಯಿತು.

"ಇದ್ರಲ್ಲಿ... ತಂದೆ ಮಸ್ತಾನಸಾಬ್, ತಾಯಿ ಮರಿಯವ್ವ ಅಂತ ಐತಲ್ರಿ."

ಜೊತೆಗೆ ಬಂದಿದ್ದ ಕೆಂಚವೀರಪ್ಪ ಕಾಗದದ ಮೇಲೆ ಬಾಗಿ ನೋಡಿದ. ಮರಿಯವ್ವ ಬೊಚ್ಚುಬಾಯಲ್ಲಿ ನಗತೊಡಗಿದಳು. ಶಾಲೆಗೆ ಸೇರಿಸಿದ ದಿನ ಅವಳೊಬ್ಬಳಿಗೇ ನೆನಪಿತ್ತು.

"ಎಡಕ್ಕೊಬ್ಬ, ಬಲಕ್ಕೊಬ್ಬ ನಿಂತಿದ್ರವ್ವ. ಇವಕ್ಕೆ ತಾಯಿ ಯಾರು ಅಂದ್ರು ಮೇಷ್ಟ್ರು. ಎರಡೂ ನನ್ನವೇ, ಬರ್ಕಳ್ರಿ ಅಂದೆ."

ಸ್ವಾತಿ ಮೇಡಂ ಒಳಗೆ ಹೋಗಿ ಸಾಹೇಬರನ್ನು ಕೇಳಿಕೊಂಡು ಬಂದಳು. ಶಾಲೆಯ ದಾಖಲೆಯ ಮುಂದೆ ಛಾಪಾಕಾಗದ ನಿಲ್ಲುವುದಿಲ್ಲವಂತೆ. ಹೆಸರು ತೆಗೆಯಲು ಬರುವುದಿಲ್ಲವಂತೆ. ಮಗನಲ್ಲ ಎಂಬ ಪತ್ರ ಸುಳ್ಳೆಂದು ಅದನ್ನು ಹಿಂದಕ್ಕೆ ಕೊಟ್ಟಳು. ಆವತ್ತು ಮೇಷ್ಟ್ರು ಮಾಡಿದ ತಪ್ಪನ್ನು ತಿದ್ದುವ ಅಧಿಕಾರ ಸದ್ಯ ಯಾರಿಗೂ ಇರಲಿಲ್ಲ.

ನಬೀ ಸಾಬ್ ಬೆಂಚಿನ ಮೇಲೆ ಕುಸಿದು, ನಾಲ್ಕು ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಅತ್ತ. ಹೊಲದಲ್ಲಿ ಚೂರು ಪಾಲೂ ಬೇಡವೆಂದು ಬರೆದುಕೊಡುತ್ತೇನೆ ಅಂದ. ಕೆಂಚವೀರಪ್ಪ ಅವನ ಬೆನ್ನಿಗೊಂದು ಗುದ್ದಿ, ಬಾಯಿ ಮುಚ್ಚಲೇ ಅಂದ.

ಮರಿಯವ್ವ ತೋರಿಸಿದ ಕಡೆಯಲ್ಲೆಲ್ಲ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಮಸಿಯ ಕೈಯಲ್ಲೇ ಚೀಲದಿಂದ ಡಬ್ಬಿ ತೆಗೆದು ನಬೀ ಸಾಬನ ಮುಂದೆ ಹಿಡಿದಳು.

"ನಿನ್ನೆ ಎಮ್ಮೆ ಈದೈತೆ. ಮೊದಲು ನೀ ತಿನ್ನು. ಕೆಂಚ ಬೆಳಗಿಂದ ಕಾಯ್ತಾ ಅದಾನೆ."