ಜೇನಿಗೆ ಮುಟ್ಟಿಸಬೇಕಾದ ಸುದ್ದಿ

ಒಂದಾನೊಂದು ಕಾಲದಲ್ಲಿ, ಒಲೆಯ ಮೇಲಿನ ಚಹಾ ಕೆಟಲ್ ತಣ್ಣಗಾದದ್ದನ್ನು ಯಾರೂ ಕಂಡಿರದ ಕಾಲದಲ್ಲಿ, ಇಂಗ್ಲೆಂಡಿನ ಥ್ರಶ್‌ಕೂಂಬ್ ಎಂಬ ಹಳ್ಳಿಯಲ್ಲಿ ಬಲು ಸಭ್ಯ ಜನರಿದ್ದರು. ಎಷ್ಟು ಸಭ್ಯರೆಂದರೆ, ಅಲ್ಲಿ ಕಾಲು ತುಳಿಸಿಕೊಂಡವನೇ ತುಳಿದವನ ಕ್ಷಮೆ ಕೇಳುತ್ತಿದ್ದ.

ಆ ಊರಿನ ಸೈಲಸ್ ಪೆಲ್ ಮಂಗಳವಾರ ಬೆಳಗ್ಗೆ ಸತ್ತ. ಸಾಯುವ ಮುಂಚೆ ಹೆಂಡತಿ ಡಾರ್ಕಸ್‌ಳ ಕೈ ಹಿಡಿದು, "ಜೇನುಹುಳಗಳಿಗೆ ನೀನೇ ಹೇಳ್ಬೇಕು ಕಣೇ. ನನ್ನ ಹೆಣ ಹೊಸಿಲು ದಾಟೋದ್ರೊಳಗೆ," ಅಂದಿದ್ದ. ಅವಳು ಹೂಂ ಅಂದಿದ್ದಳು. ಯಜಮಾನ ಸತ್ತ ಸುದ್ದಿ ಮುಟ್ಟಿಸದಿದ್ದರೆ ಜೇನು ಮುನಿಸಿಕೊಂಡು ಗೂಡು ಬಿಟ್ಟು ಹೋಗುತ್ತದೆ. ಹಿತ್ತಲಿನ ಐದು ಗೂಡು ಬಿಟ್ಟರೆ ಡಾರ್ಕಸ್‌ಳ ಹೊಟ್ಟೆಗೆ ಬೇರೆ ದಾರಿಯಿರಲಿಲ್ಲ.

ಹಿತ್ತಲಿಗೆ ಇಪ್ಪತ್ತು ಹೆಜ್ಜೆ. ಆದರೆ ಅವಳು ಗೂಡು ತಟ್ಟಿ ಸುದ್ದಿ ಹೇಳಲು ಮನೆಯ ಬೀಗದ ಕೈ ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಮಿಸೆಸ್ ಕ್ರೌಚ್, ಕೈಯಲ್ಲಿ ಸೀಡ್ ಕೇಕು. ಅವರ ಹಿಂದೆ ಪಾದ್ರಿ ಲಡ್‌ಬ್ರೂಕ್. ಪಾದ್ರಿಗಳ ಹಿಂದೆ ಇಡೀ ಊರು. ಮನೆಗೆ ಬಂದವರಿಗೆ ಚಹಾ ಕೊಡದಿರುವುದುಂಟೆ? ಅತಿಥಿಗಳನ್ನು ಕೂರಿಸಿ ಎದ್ದು ಹೋಗುವುದುಂಟೆ? ಇನ್ನು ಅತಿಥಿಗಳೋ, ಮೊದಲು ಎದ್ದವನೇ ಒರಟನೆಂದು ತಿಳಿದು, ಒಬ್ಬರನ್ನೊಬ್ಬರು ನೋಡುತ್ತ ಕೂತೇ ಇದ್ದರು. ಹೀಗೆ ಮಂಗಳವಾರ ಹೋಯಿತು. ಬುಧವಾರ ಬೇರೆ ಕೇಕುಗಳೊಂದಿಗೆ ಅದೇ ಜನ ಬಂದರು.

ಗುರುವಾರ ಹೆಣ ಎತ್ತುವ ದಿನ. ಚರ್ಚಿನ ಗಂಟೆ ಹತ್ತು ಹೊಡೆಯಿತು. ಹನ್ನೊಂದಕ್ಕೆ ಹೊರುವವರು ಬರುತ್ತಾರೆ. ಕಿಟಕಿಯಾಚೆ ಮೊದಲ ಗೂಡಿನ ಬಾಯಲ್ಲಿ ಹುಳಗಳು ಹಾರಿಹೋಗಲು ಅಣಿಯಾದಂತೆ ಗೊಂಚಲುಗಟ್ಟಿ ನೇತಾಡುತ್ತಿದ್ದವು.

"ಹವಾ ಪರವಾಗಿಲ್ಲ ಅಲ್ವೇ?" ಅಂದರು ಪಾದ್ರಿಗಳು.

"ಮೊನ್ನೆಗಿಂತ ವಾಸಿ," ಅಂದರು ಮಿಸೆಸ್ ಕ್ರೌಚ್. "ಪಾಪ, ಸೈಲಸ್ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರೋ. ಒಳ್ಳೆ ಜಾಗ ಸೇರ್ಕೊಂಡ್ರು ಬಿಡಿ."

"ನಮ್ಮನ್ನ ಅಗಲಿದ್ರು," ಎಂದು ಪಾದ್ರಿಗಳು ತಿದ್ದಿದರು.

"ನಾನು ಸ್ವಲ್ಪ ಹಿತ್ತಲಿಗೆ..." ಎಂದಳು ಡಾರ್ಕಸ್.

"ಹೋಗಮ್ಮಾ, ಹೋಗು. ನಮ್ಮ ಬಗ್ಗೆ ಯೋಚ್ನೆನೇ ಮಾಡ್ಬೇಡ," ಎನ್ನುತ್ತ ಮಿಸೆಸ್ ಕ್ರೌಚ್ ಖಾಲಿ ಬಟ್ಟಲನ್ನು ಮುಂದೆ ಚಾಚಿದರು. "ಹಾಲು ಒಂಚೂರು ಕಡಿಮೆ ಹಾಕು."

ಡಾರ್ಕಸ್ ಬಟ್ಟಲನ್ನೂ ನೋಡಿದಳು, ಕಿಟಕಿಯನ್ನೂ ನೋಡಿದಳು. ನಲವತ್ತು ವರ್ಷ ಈ ಊರಲ್ಲಿ ಬಾಳಿದವಳು ಅಲ್ಲಿ ಯಾರೂ ಮಾಡಿರದ ಕೆಲಸ ಮಾಡಿದಳು. ಬಿಸಿ ಕೆಟಲನ್ನು ಪಾದ್ರಿಗಳ ಕೈಗಿಟ್ಟು, "ನೀವೇ ಬಗ್ಗಿಸ್ಕೊಳ್ಳಿ," ಎಂದು ಹೊರಟೇಬಿಟ್ಟಳು.

ಹಿಂದಿನಿಂದ ಯಾರೋ ಉಸಿರೆಳೆದುಕೊಂಡ ಸದ್ದು. "ದುಃಖ ಕಣ್ರೀ, ತಲೆ ನೆಟ್ಟಗಿಲ್ಲ," ಎಂದರು ಮಿಸೆಸ್ ಕ್ರೌಚ್. ಅದು ಆ ಊರಿನ ಮಟ್ಟಿಗೆ ಬೈಗುಳ.

ಹಿತ್ತಲಲ್ಲಿ ಡಾರ್ಕಸ್ ಗೂಡುಗಳಿಗೆ ಸಾವಿನ ಗುರುತಾಗಿ ಒಂದೊಂದು ಕಪ್ಪು ಪಟ್ಟಿ ಕಟ್ಟಿದಳು. ಬೀಗದ ಕೈಯಿಂದ ಮೊದಲ ಗೂಡನ್ನು ಮೂರು ಸಲ ಮೆಲ್ಲಗೆ ತಟ್ಟಿದಳು. ಮೂರು ದಿನದಿಂದ ಆ ಮನೆಯಲ್ಲಿ ಯಾರ ಬಾಯಿಂದಲೂ ಬಾರದಿದ್ದ ಮಾತನ್ನು ಹೇಳಲು ಗೂಡಿನ ಪಕ್ಕಕ್ಕೆ ಬಗ್ಗಿದಳು.

"ಸೈಲಸ್ ಸತ್ತೋದ," ಅಂದಳು. ಆಗಷ್ಟೇ ಅವಳಿಗೆ ಅಳು ಬಂತು. "ಇನ್ಮೇಲೆ ನಾನೇ ನಿಮ್ಮ ಯಜಮಾನಿ. ಇಲ್ಲೇ ಇರ್ರಪ್ಪಾ."

ಒಳಗಿನ ಗುಂಯ್ ಸದ್ದು ಒಮ್ಮೆ ಏರಿತು, ಇಳಿಯಿತು. ಬಾಯಲ್ಲಿದ್ದ ಗೊಂಚಲು ಒಂದೊಂದೇ ಹುಳವಾಗಿ ಒಳಗೆ ಸರಿಯಿತು. ಡಾರ್ಕಸ್ ಕಣ್ಣೊರೆಸಿಕೊಳ್ಳದೆ ಎರಡನೆಯ ಗೂಡಿಗೆ ಹೋದಳು, ಆಮೇಲೆ ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಹೊರುವವರು ಬೇಲಿಯ ಗೇಟು ತೆಗೆಯುವಷ್ಟರಲ್ಲಿ ಐದನೆಯದಕ್ಕೂ ಹೇಳಿ ಮುಗಿಸಿದ್ದಳು.